'ಮುಂದೆ ತಿಳಿಸಲಾಗುವುದು': ನೇಮಕದ ಕ್ರಮದಲ್ಲಿ ನಿಯೋಜಕರ ಮೌನ

ಸಂದರ್ಶನ ಮುಗಿದು ಅಭ್ಯರ್ಥಿಯು ಎದ್ದು ನಿಂತಾಗ ಮೇಜಿನ ಆಚೆಯಿಂದ ಬರುವ ಕೊನೆಯ ಮಾತು ನಮ್ಮ ನಾಡಿನಲ್ಲಿ ಬಹುಮಟ್ಟಿಗೆ ಒಂದೇ: "ಮುಂದೆ ತಿಳಿಸಲಾಗುವುದು." ಈ ವಾಕ್ಯದ ವ್ಯಾಕರಣವನ್ನು ಸ್ವಲ್ಪ ಗಮನಿಸಬೇಕು. ಇಲ್ಲಿ ಕ್ರಿಯೆಯುಂಟು, ಕರ್ತೃವಿಲ್ಲ. ತಿಳಿಸುವವರು ಯಾರೆಂಬುದಾಗಲಿ, ಏನನ್ನು ತಿಳಿಸುವರೆಂಬುದಾಗಲಿ, ಯಾವ ದಿನ ತಿಳಿಸುವರೆಂಬುದಾಗಲಿ ವಾಕ್ಯದಲ್ಲಿ ಕಾಣುವುದಿಲ್ಲ. ಕರ್ಮಣಿ ಪ್ರಯೋಗವು ಕನ್ನಡದ ಆಡುಮಾತಿಗೆ ಅಷ್ಟಾಗಿ ಒಗ್ಗಿದುದಲ್ಲ. ಮನೆಯಲ್ಲಿ ಯಾರೂ "ಊಟ ಬಡಿಸಲಾಗುವುದು" ಎಂದು ಹೇಳುವುದಿಲ್ಲ. ಕಚೇರಿಯ ಕನ್ನಡಕ್ಕೆ ಮಾತ್ರ ಅದು ಪ್ರಿಯವಾಗಿರುವುದಕ್ಕೆ ಕಾರಣವುಂಟು. ಹೊಣೆಯನ್ನು ಹೊರದೆಯೇ ಮಾತು ಕೊಡುವ ಸೌಕರ್ಯ ಅದರಲ್ಲಿದೆ. ಅಭ್ಯರ್ಥಿಯು ಆ ಮಾತನ್ನು ವಚನವೆಂದು ತಿಳಿದು ಹೊರಡುತ್ತಾನೆ; ಆಡಿದವರು ಅದನ್ನು ಬೀಳ್ಕೊಡುಗೆಯೆಂದು ಆಡಿರುತ್ತಾರೆ.

ಈ ಎರಡು ಅರ್ಥಗಳ ನಡುವೆ ವಾರಗಳು, ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಕಳೆದುಹೋಗುತ್ತವೆ. ನಮ್ಮ ಕಾಲೇಜುಗಳಿಂದ ಪದವಿ ಪಡೆದು ಹೊರಡುವ ವಿದ್ಯಾರ್ಥಿಗಳಿಗೆ ಇದು ಬೇಗನೆ ಅನುಭವಸಿದ್ಧವಾಗುವ ವಿಷಯ. ಅಧ್ಯಾಪಕರಿಗಂತೂ ಎರಡು ಬಗೆಯಿಂದ ಪರಿಚಿತವಾದುದು. ಅವರು ಒಂದು ಕಾಲದಲ್ಲಿ ಮೇಜಿನ ಈಚೆ ಕುಳಿತವರು, ಮತ್ತೊಂದು ಕಾಲದಲ್ಲಿ ಆಚೆ ಕುಳಿತುಕೊಳ್ಳುವವರು. ಹೀಗಿದ್ದರೂ ಇದನ್ನು ಸೌಜನ್ಯದ ಕೊರತೆಯೆಂದು ಗೊಣಗಿ ಬಿಟ್ಟುಬಿಡುವುದೇ ಹೆಚ್ಚು. ಈ ಮೌನ ಎಲ್ಲಿಂದ ಹುಟ್ಟುತ್ತದೆ, ಅದರ ವೆಚ್ಚ ಯಾರ ತಲೆಯ ಮೇಲೆ ಬೀಳುತ್ತದೆ, ನ್ಯಾಯಶಾಸ್ತ್ರವು ಎಷ್ಟರಮಟ್ಟಿಗೆ ಅಭ್ಯರ್ಥಿಯ ನೆರವಿಗೆ ಬರುತ್ತದೆ ಎಂಬುದನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ. ನಿಯೋಜಕ ಎಂಬ ಶಬ್ದವನ್ನು ಇಲ್ಲಿ ಕೆಲಸ ಕೊಡುವ ವ್ಯಕ್ತಿ, ಸಂಸ್ಥೆ, ಸರಕಾರ ಮೂರಕ್ಕೂ ಸಾಮಾನ್ಯವಾಗಿ ಬಳಸಿದೆ. ಅಭ್ಯರ್ಥಿಯನ್ನು ಹಿಂದಿನವರು ಉಮೇದುವಾರನೆಂದು ಕರೆಯುತ್ತಿದ್ದರು. ಉಮೇದು ಎಂಬುದು ಪಾರಸಿಯಿಂದ ಬಂದ ಮಾತು. ಆಸೆ, ಭರವಸೆ ಎಂದು ಅದರ ಅರ್ಥ. ಅರ್ಜಿ ಹಾಕಿದವನ ಸ್ಥಿತಿಯನ್ನು ಆ ಶಬ್ದವು ಈಗಿನ ಶಬ್ದಕ್ಕಿಂತ ಚೆನ್ನಾಗಿ ಹೇಳುತ್ತದೆ ಎಂದು ನನಗೆ ತೋರುತ್ತದೆ.

ಮೊದಲು ಒಂದು ವಿವೇಚನೆ ಅವಶ್ಯ. ನಿಯೋಜಕನು ಅಭ್ಯರ್ಥಿಗೆ ಹೇಳಬೇಕಾದ ಸುದ್ದಿ ಒಂದೇ ಅಲ್ಲ, ಮೂರು. ಅರ್ಜಿ ತಲುಪಿತೆಂಬುದು ಒಂದು. ಅದನ್ನು ಸ್ವೀಕೃತಿ ಎನ್ನೋಣ. ಕೆಲಸ ಸಿಕ್ಕಿತೇ ಇಲ್ಲವೇ, ಅದು ಯಾವ ದಿನದೊಳಗೆ ಗೊತ್ತಾಗುವುದು ಎಂಬುದು ಎರಡನೆಯದು, ಅದು ಫಲ. ಏಕೆ ಸಿಕ್ಕಲಿಲ್ಲ ಎಂಬುದು ಮೂರನೆಯದು, ಅದು ಕಾರಣ. ಈ ಮೂರರಲ್ಲಿ ಕಾರಣವನ್ನು ಹೇಳುವುದು ನಿಜವಾಗಿಯೂ ಕಷ್ಟ. ಐದು ಮಂದಿ ಕುಳಿತ ಸಮಿತಿಯಲ್ಲಿ ಐವರ ಮನಸ್ಸಿನಲ್ಲಿಯೂ ಒಂದೇ ಕಾರಣ ಇರುವುದಿಲ್ಲ. ಇದ್ದರೂ ಅದನ್ನು ನೋವಾಗದಂತೆ, ವ್ಯಾಜ್ಯಕ್ಕೆ ಎಡೆಯಾಗದಂತೆ ಬರೆಯುವುದು ಸುಲಭವಲ್ಲ. ಸ್ವೀಕೃತಿಯನ್ನೂ ಫಲವನ್ನೂ ತಿಳಿಸುವುದಕ್ಕೆ ಅಂತಹ ಯಾವ ತೊಡಕೂ ಇಲ್ಲ. ಆದರೆ ನಿಯೋಜಕರನ್ನು ಕೇಳಿದರೆ ಮೂರನೆಯದಕ್ಕೆ ಮಾತ್ರ ಸಲ್ಲುವ ಕಷ್ಟವನ್ನು ತೋರಿಸಿ ಮೂರನ್ನೂ ತಡೆದಿಟ್ಟುಕೊಳ್ಳುತ್ತಾರೆ. ಈ ವಿಷಯದಲ್ಲಿ ಕಾಣುವ ಗೊಂದಲವೆಲ್ಲಕ್ಕೂ ಇದೇ ಮೂಲವೆಂದು ನನ್ನ ಅಭಿಪ್ರಾಯ. ಕೋರ್ಟುಗಳೂ ಚರ್ಚೆ ಮಾಡಿರುವುದು ಹೆಚ್ಚಾಗಿ ಕಾರಣವನ್ನು ಕುರಿತೇ. ಅಭ್ಯರ್ಥಿಗೆ ಮೊದಲು ಬೇಕಾದುದು ಅದಲ್ಲ.

ಒಪ್ಪಂದದ ಶಾಸ್ತ್ರ ಈ ಬಗ್ಗೆ ಏನು ಹೇಳುತ್ತದೆಂಬುದನ್ನು ನೋಡೋಣ. 1872ರ ಭಾರತೀಯ ಕರಾರು ಅಧಿನಿಯಮದ 4ನೆಯ ಪ್ರಕರಣವು ಪ್ರಸ್ತಾವ, ಒಪ್ಪಿಗೆ, ಹಿಂತೆಗೆತ ಇವುಗಳ ತಿಳಿವಳಿಕೆ ಯಾವಾಗ ಪೂರ್ಣವಾಗುತ್ತದೆಂಬುದನ್ನು ಬಹಳ ಎಚ್ಚರಿಕೆಯಿಂದ ನಿರ್ಣಯಿಸಿದೆ. ಮನಸ್ಸಿನಲ್ಲಿಯೇ ಒಪ್ಪಿಕೊಂಡರೆ ಸಾಲದು, ಒಪ್ಪಿಗೆಯು ಎದುರಿನವನ ಕಡೆಗೆ ಹೊರಡಬೇಕು ಎಂಬುದು ಅದರ ತಿರುಳು. ಇದೇ ತತ್ತ್ವವು ನೇಮಕದ ಸಂದರ್ಭದಲ್ಲಿ ಎಷ್ಟು ಕಠಿನವಾಗಬಲ್ಲುದೆಂಬುದಕ್ಕೆ ಇಂಗ್ಲೆಂಡಿನಲ್ಲಿ 1908ರಲ್ಲಿ ತೀರ್ಮಾನವಾದ ಪೊವೆಲ್ ವಿರುದ್ಧ ಲೀ ಎಂಬ ಮೊಕದ್ದಮೆ ಒಳ್ಳೆಯ ನಿದರ್ಶನ. ಒಂದು ಶಾಲೆಯ ಮುಖ್ಯೋಪಾಧ್ಯಾಯನ ಸ್ಥಾನಕ್ಕೆ ಆಡಳಿತ ಮಂಡಲಿಯವರು ಪೊವೆಲ್ ಎಂಬಾತನನ್ನು ಆರಿಸಿ ನಿರ್ಣಯ ಮಾಡಿದರು. ಮಂಡಲಿಯ ಸದಸ್ಯರಲ್ಲಿ ಒಬ್ಬರು, ಯಾರೂ ತಮಗೆ ಆ ಕೆಲಸ ವಹಿಸದಿದ್ದರೂ, ಆಯ್ಕೆಯಾದ ಸಂಗತಿಯನ್ನು ಆತನಿಗೆ ತಿಳಿಸಿದರು. ಆಮೇಲೆ ಮಂಡಲಿಯು ತನ್ನ ನಿರ್ಣಯವನ್ನು ರದ್ದುಪಡಿಸಿ ಬೇರೊಬ್ಬನನ್ನು ನೇಮಿಸಿಕೊಂಡಿತು. ಪೊವೆಲ್ ದಾವೆ ಹೂಡಿ ಸೋತನು. ಮಂಡಲಿಯು ತಾನಾಗಿ, ಅಧಿಕೃತವಾಗಿ ತಿಳಿಸದಿದ್ದುದರಿಂದ ಒಪ್ಪಂದವೇ ಹುಟ್ಟಲಿಲ್ಲವೆಂದು ತೀರ್ಪಾಯಿತು.

ಶಾಸ್ತ್ರದ ದೃಷ್ಟಿಯಿಂದ ಈ ತೀರ್ಪು ಸರಿಯಾಗಿಯೇ ಇದೆ. ಆದರೆ ಅದರಿಂದ ಒಂದು ವಿಚಿತ್ರ ಫಲ ಒದಗುತ್ತದೆ. ತಿಳಿಸದೆ ಇರುವಷ್ಟು ಕಾಲವೂ ನಿಯೋಜಕನು ಸ್ವತಂತ್ರ; ತಿಳಿಸಿದ ಕ್ಷಣದಿಂದ ಅವನು ಬದ್ಧ. ಹಾಗಾದರೆ ಬೇಗ ತಿಳಿಸುವುದಕ್ಕೆ ಅವನಿಗೆ ಯಾವ ಪ್ರೇರಣೆಯಿದೆ? ಮೌನಕ್ಕೆ ಒಂದು ಬೆಲೆಯಿದ್ದು, ಆ ಬೆಲೆಯನ್ನು ಅಭ್ಯರ್ಥಿಯೇ ತೆರುವಂತೆ ಏರ್ಪಾಟಾಗಿದೆ.

ಇದಕ್ಕೆ ಎದುರಾಗಿ ಅಮೆರಿಕದ ಮಿನೆಸೋಟ ರಾಜ್ಯದ ಸರ್ವೋಚ್ಚ ನ್ಯಾಯಾಲಯವು 1981ರಲ್ಲಿ ಕೊಟ್ಟ ಗ್ರೌಸ್ ಪ್ರಕರಣದ ತೀರ್ಪನ್ನು ಇಟ್ಟು ನೋಡಬಹುದು. 1975ರಲ್ಲಿ ಒಬ್ಬ ಔಷಧ ತಜ್ಞನಿಗೆ ಒಂದು ವೈದ್ಯಸಂಸ್ಥೆಯು ದೂರವಾಣಿಯ ಮೂಲಕ ಕೆಲಸ ಕೊಡುವುದಾಗಿ ಹೇಳಿತು. ಅವನು ಇದ್ದ ಕೆಲಸಕ್ಕೆ ರಾಜೀನಾಮೆ ಕೊಟ್ಟನು. ಕೈಗೆ ಬಂದಿದ್ದ ಇನ್ನೊಂದು ಕೆಲಸವನ್ನೂ ಬೇಡವೆಂದನು. ಇನ್ನು ಕೆಲಸಕ್ಕೆ ಸೇರಬಹುದೆಂದು ವಿಚಾರಿಸಿದಾಗ ಬೇರೊಬ್ಬರನ್ನು ತೆಗೆದುಕೊಂಡಾಯಿತೆಂಬ ಉತ್ತರ ಬಂತು. ಕೊಟ್ಟ ಮಾತನ್ನು ನಂಬಿ ಮನುಷ್ಯನು ತನ್ನ ಸ್ಥಿತಿಯನ್ನು ಬದಲಿಸಿಕೊಂಡಿದ್ದರೆ, ಆ ನಂಬಿಕೆಯಿಂದಾದ ನಷ್ಟವನ್ನು ಮಾತು ಕೊಟ್ಟವರು ತುಂಬಿಕೊಡಬೇಕೆಂದು ನ್ಯಾಯಾಲಯ ಹೇಳಿತು. ಈ ತತ್ತ್ವ ಉದಾರವಾದುದು, ಸಂದೇಹವಿಲ್ಲ. ಆದರೆ ಅದಕ್ಕೂ ಒಂದು ಸ್ಪಷ್ಟವಾದ ಮಾತು ಆಧಾರವಾಗಿರಬೇಕು. "ಮುಂದೆ ತಿಳಿಸಲಾಗುವುದು" ಎಂಬುದು ಅಂತಹ ಮಾತಲ್ಲ. ಹೌದು ಎಂದು ಹೇಳಿ ತಪ್ಪಿದವನನ್ನು ಕೋರ್ಟಿಗೆ ಎಳೆಯಬಹುದು. ಏನನ್ನೂ ಹೇಳದವನನ್ನು ಎಳೆಯಲು ಹಿಡಿಯೇ ಸಿಕ್ಕುವುದಿಲ್ಲ.

ಇನ್ನು ಮೌನದ ಕಾರಣಗಳು. ಅರ್ಜಿಗಳ ಸಂಖ್ಯೆ ಅಪಾರವೆಂಬುದು ಎಲ್ಲರೂ ಹೇಳುವ ಕಾರಣ. ಅಂಚೆಚೀಟಿಗೂ ಗುಮಾಸ್ತನ ಸಂಬಳಕ್ಕೂ ಲೆಕ್ಕ ಹಾಕಬೇಕಾಗಿದ್ದ ಕಾಲದಲ್ಲಿ ಇದರಲ್ಲಿ ತಕ್ಕಮಟ್ಟಿನ ಸತ್ಯವಿತ್ತು. ಸಾವಿರ ಅರ್ಜಿಗಳನ್ನು ಯಂತ್ರವೇ ಜರಡಿ ಹಿಡಿಯುವ ಈ ದಿನಗಳಲ್ಲಿ, ಅದೇ ಯಂತ್ರಕ್ಕೆ ಸಾವಿರ ಉತ್ತರ ಕಳುಹಿಸುವುದು ಭಾರವೆಂದರೆ ನಂಬುವುದು ಹೇಗೆ? ಈ ಕಾರಣವನ್ನು ಇಷ್ಟಕ್ಕೇ ಬಿಡಬಹುದು.

ಎರಡನೆಯ ಕಾರಣವು ಮನಶ್ಶಾಸ್ತ್ರಕ್ಕೆ ಸೇರಿದುದು, ಹೆಚ್ಚು ಗಂಭೀರವಾದುದು. ಸಿಡ್ನಿ ರೋಸೆನ್ ಮತ್ತು ಏಬ್ರಹಾಂ ಟೆಸರ್ ಎಂಬ ಇಬ್ಬರು ಅಮೆರಿಕದ ವಿದ್ವಾಂಸರು 1970ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಪ್ರಯೋಗಕ್ಕೆ ಬಂದವರಿಗೆ, ಬರಲಿರುವ ಮತ್ತೊಬ್ಬರಿಗಾಗಿ ಮನೆಯಿಂದ ದೂರವಾಣಿಯ ಕರೆ ಬಂದಿದೆಯೆಂದು ತಿಳಿಯುವಂತೆ ಮಾಡಿದರು. ಕೆಲವರಿಗೆ ಅದು ಶುಭವಾರ್ತೆಯೆಂದೂ ಕೆಲವರಿಗೆ ಅಶುಭವಾರ್ತೆಯೆಂದೂ ಗೊತ್ತಾಗುವಂತಿತ್ತು. ಶುಭವಾರ್ತೆಯಾದಾಗ ಜನ ಅದನ್ನು ಪೂರ್ತಿಯಾಗಿ ಹೇಳಿದರು. ಅಶುಭವಾದಾಗ ಕರೆ ಬಂದಿದೆಯೆಂದಷ್ಟೇ ಹೇಳಿ ಸುದ್ದಿಯ ಸ್ವರೂಪವನ್ನು ನುಂಗಿಕೊಳ್ಳುವ ಪ್ರವೃತ್ತಿ ಹೆಚ್ಚಾಗಿ ಕಂಡಿತು. ಆ ಸುದ್ದಿಗೆ ತಾವು ಯಾವ ರೀತಿಯಿಂದಲೂ ಕಾರಣರಲ್ಲದಿದ್ದರೂ ಹೀಗೆ. ಕಾರಣರೇ ಆದ ಆಯ್ಕೆ ಸಮಿತಿಯವರ ಸಂಕೋಚ ಇನ್ನೆಷ್ಟಿರಬೇಡ! ನಮ್ಮವರಿಗೆ ಇದು ಹೊಸ ಸಂಗತಿಯೇನೂ ಅಲ್ಲ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಕೇಸರಿಬಾತು ಮುಗಿಸಿ, "ಊರಿಗೆ ಹೋಗಿ ಕಾಗದ ಬರೆಯುತ್ತೇವೆ" ಎಂದು ಹೇಳಿ ಬಸ್ಸು ಹತ್ತಿದರೆ ಅದರ ಅರ್ಥವೇನೆಂಬುದು ಹೆಣ್ಣಿನ ತಂದೆಗೆ ಗೊತ್ತಿತ್ತು. ಬಾರದ ಕಾಗದವೇ ಉತ್ತರ. ಇಲ್ಲವೆಂದು ಬಾಯಿಬಿಟ್ಟು ಹೇಳುವುದು ಒರಟುತನ, ಹೇಳದೆ ಇರುವುದು ಮರ್ಯಾದೆ ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ನೇಮಕದ ಮೌನದಲ್ಲಿ ಕ್ರೌರ್ಯಕ್ಕಿಂತ ಈ ತಪ್ಪು ಮರ್ಯಾದೆಯ ಪಾಲು ಹೆಚ್ಚಿರಬಹುದು. ಆದರೆ ಹೆಣ್ಣಿನ ತಂದೆಗೆ ತಿಳಿದಿದ್ದ ಸಂಕೇತ, ಹಳ್ಳಿಯಿಂದ ಮೊದಲ ಸಲ ಬೆಂಗಳೂರಿಗೆ ಬಂದು ಸಂದರ್ಶನ ಕೊಟ್ಟ ಹುಡುಗನಿಗೆ ಅಥವಾ ಹುಡುಗಿಗೆ ತಿಳಿದಿರುವುದಿಲ್ಲ. ಪಟ್ಟಣದ ವಿದ್ಯಾವಂತ ಮನೆತನದ ಮಕ್ಕಳು ಹತ್ತು ದಿನ ನೋಡಿ ಬೇರೆ ದಾರಿ ಹಿಡಿಯುತ್ತಾರೆ; ಮಾತನ್ನು ಮಾತಾಗಿ ನಂಬುವವರು ಕಾದಿರುತ್ತಾರೆ. ಹೀಗೆ ಈ ಮೌನವು ಎಲ್ಲರಿಗೂ ಸಮವಾಗಿ ಹಂಚಿಕೆಯಾಗುವುದಿಲ್ಲ.

ಮೂರನೆಯ ಕಾರಣವೇ ಎಲ್ಲಕ್ಕಿಂತ ಮುಖ್ಯವಾದುದು, ಎಲ್ಲಕ್ಕಿಂತ ಕಡಿಮೆ ಒಪ್ಪಿಕೊಳ್ಳುವಂಥದು. ಅದು ಎರಡನೆಯವನನ್ನು ಕಾಯಿಸುವುದು. ಮೊದಲನೆಯವನು ಬರುವನೋ ಬಾರನೋ ಎಂಬ ಅನುಮಾನ ನಿಯೋಜಕನಿಗೆ ಇದ್ದೇ ಇರುತ್ತದೆ. ಅವನು ಬಾರದಿದ್ದರೆ ಎರಡನೆಯವನು ಬೇಕು. ಎರಡನೆಯವನಿಗೆ "ನೀವು ಎರಡನೆಯವರು" ಎಂದು ಹೇಳಿದರೆ ಅವನು ಬೇರೆಡೆ ಹೋದಾನು. "ಇಲ್ಲ" ಎಂದರೆ ಹೋಗಿಯೇ ಹೋಗುತ್ತಾನೆ. ಆದುದರಿಂದ ಏನನ್ನೂ ಹೇಳುವುದಿಲ್ಲ. ಇಲ್ಲಿ ಮೌನವು ಮರೆವೂ ಅಲ್ಲ, ಸಂಕೋಚವೂ ಅಲ್ಲ. ಒಂದು ಬಗೆಯ ಬಿಟ್ಟಿ ವಿಮೆ. ವಿಮೆಯ ಕಂತನ್ನು ಕಟ್ಟುವವನು ಮಾತ್ರ ಅಭ್ಯರ್ಥಿ.

ಇದನ್ನು ನಾನು ಪುಸ್ತಕದಿಂದ ಕಲಿತುದಲ್ಲವೆಂದು ಹೇಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಒಂದು ತಾಲ್ಲೂಕು ಕೇಂದ್ರದ ಖಾಸಗಿ ಕಾಲೇಜಿನಲ್ಲಿ ತಾತ್ಕಾಲಿಕ ಅಧ್ಯಾಪಕರೊಬ್ಬರನ್ನು ಆರಿಸುವ ಸಮಿತಿಯಲ್ಲಿ ನಾನೂ ಒಬ್ಬ ಸದಸ್ಯನಾಗಿದ್ದೆ. ಇಬ್ಬರು ಯೋಗ್ಯರು ಸಿಕ್ಕಿದರು. ಮೊದಲನೆಯವರಿಗೆ ಪತ್ರ ಹೋಯಿತು. ಎರಡನೆಯವರ ಅರ್ಜಿಯನ್ನು "ಇರಲಿ" ಎಂದು ಕಡತದಲ್ಲಿ ಇಟ್ಟುಕೊಂಡೆವು. ಆತ ಮೂರು ಸಲ ಕಚೇರಿಗೆ ಫೋನ್ ಮಾಡಿದರಂತೆ; ಗುಮಾಸ್ತರು ಮೂರು ಸಲವೂ "ಇನ್ನೂ ಏನೂ ತೀರ್ಮಾನವಾಗಿಲ್ಲ" ಎಂದರಂತೆ. ಹಾಗೆ ಹೇಳಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಬೇರೆ ಏನನ್ನು ಹೇಳಬೇಕೆಂದೂ ಹೇಳಿರಲಿಲ್ಲ. ತರಗತಿಗಳು ಆರಂಭವಾಗಿ ನಾಲ್ಕನೆಯ ವಾರದಲ್ಲಿ ಆತ ತಾವೇ ಬಸ್ಸು ಹತ್ತಿ ಬಂದರು. ಜಗುಲಿಯಲ್ಲಿ ನಿಂತು, ತಾವು ಹೇಳಬೇಕಾಗಿದ್ದ ಪಾಠವನ್ನು ಬೇರೊಬ್ಬರು ಹೇಳುತ್ತಿದ್ದುದನ್ನು ಕಿಟಕಿಯಿಂದ ಕಂಡರು. ಈ ನಡುವೆ ಒಂದು ಪ್ರೌಢಶಾಲೆಯವರು ಕರೆದಿದ್ದರೆಂದೂ, ನಮ್ಮ ಉತ್ತರ ಬರಲೆಂದು ಅವರಿಗೆ ಸಬೂಬು ಹೇಳುತ್ತ ಬಂದು ಕೊನೆಗೆ ಆ ಕೆಲಸವೂ ತಪ್ಪಿತೆಂದೂ ಆಮೇಲೆ ತಿಳಿಯಿತು. ಆತ ಜಗಳವಾಡಲಿಲ್ಲ. "ಒಂದು ಮೆಸೇಜು ಹಾಕಿದ್ದರೆ ಸಾಕಿತ್ತು, ಸಾರ್" ಎಂದಷ್ಟೇ ಹೇಳಿ ಹೊರಟುಹೋದರು. ನಮ್ಮಲ್ಲಿ ಯಾರೂ ಕೆಟ್ಟವರಲ್ಲ. ತಿಳಿಸುವುದು ಇಂಥವರ ಕೆಲಸವೆಂದು ಯಾರಿಗೂ ವಹಿಸಿರಲಿಲ್ಲ, ಅಷ್ಟೆ. ಕರ್ತೃವಿಲ್ಲದ ವಾಕ್ಯ ಕರ್ತೃವಿಲ್ಲದ ಕಾರ್ಯವಾಗಿಯೇ ಉಳಿದಿತ್ತು.

ಕಾಯುವಿಕೆಯ ಸ್ವರೂಪವನ್ನು ಕುರಿತು ಡೇವಿಡ್ ಮೈಸ್ಟರ್ ಎಂಬವರು 1985ರಲ್ಲಿ ಬರೆದ ಒಂದು ಪ್ರಬಂಧ ಇಂದಿಗೂ ಓದಬೇಕಾದುದು. ಅವರು ಬರೆದುದು ಹೋಟೆಲು, ಬ್ಯಾಂಕುಗಳ ಸರತಿಸಾಲನ್ನು ಕುರಿತು. ಕೊನೆ ಗೊತ್ತಿಲ್ಲದ ಕಾಯುವಿಕೆ ಕೊನೆ ಗೊತ್ತಿರುವ ಕಾಯುವಿಕೆಗಿಂತ ದೀರ್ಘವೆನಿಸುತ್ತದೆ; ವಿವರಣೆಯಿಲ್ಲದ ವಿಳಂಬ ವಿವರಣೆಯುಳ್ಳ ವಿಳಂಬಕ್ಕಿಂತ ದೀರ್ಘವೆನಿಸುತ್ತದೆ; ಇವು ಅವರ ಸೂತ್ರಗಳಲ್ಲಿ ಎರಡು. ಸಾಲಿನಲ್ಲಿ ನಿಂತವನಿಗೆ ಮುಂದೆ ಎಷ್ಟು ಮಂದಿಯಿದ್ದಾರೆಂಬುದು ಕಣ್ಣಿಗೆ ಕಾಣುತ್ತದೆ. ನೌಕರಿಗಾಗಿ ಕಾಯುವವನಿಗೆ ಅದೂ ಕಾಣುವುದಿಲ್ಲ. ಆದರೆ ಇದನ್ನು ಬರಿಯ ಮನಸ್ಸಿನ ಕ್ಲೇಶವೆಂದು ತಿಳಿಯಬಾರದು. ಕಲಬುರಗಿಯಿಂದಲೋ ಬೀದರದಿಂದಲೋ ಬಂದು ಬೆಂಗಳೂರಿನ ಪೀಜಿಯಲ್ಲಿ ಕೊಠಡಿ ಹಿಡಿದವನಿಗೆ ಪ್ರತಿ ತಿಂಗಳೂ ಬಾಡಿಗೆಯುಂಟು. ಊರಿಗೆ ಹಿಂದಿರುಗಿದರೆ ಕರೆ ಬಂದಾಗ ಮತ್ತೆ ಪ್ರಯಾಣದ ಖರ್ಚು. ಬೇರೆ ಕೆಲಸ ಒಪ್ಪಿಕೊಂಡು ಮೂರು ವಾರಕ್ಕೆ ಬಿಟ್ಟರೆ ಕೆಟ್ಟ ಹೆಸರು. ದಿನಾಂಕವೊಂದು ತಿಳಿದಿದ್ದರೆ ಇವೆಲ್ಲಕ್ಕೂ ಲೆಕ್ಕ ಹಾಕಬಹುದಾಗಿತ್ತು.

ನಿಯೋಜಕನಿಗೂ ಇದರಿಂದ ನಷ್ಟವಿಲ್ಲದಿಲ್ಲ. ಮೈಕೆಲ್ ಸ್ಪೆನ್ಸ್ 1973ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ ನೌಕರಿಯ ಸಂತೆಯನ್ನು ಸಂಕೇತಗಳ ವ್ಯವಹಾರವೆಂದು ವರ್ಣಿಸಿದರು. ಈ ಬಗೆಯ ಸಂಶೋಧನೆಗಾಗಿ ಅವರಿಗೆ 2001ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಇನ್ನಿಬ್ಬರೊಡನೆ ದೊರೆಯಿತು. ಅಭ್ಯರ್ಥಿಯ ಒಳಗನ್ನು ನಿಯೋಜಕನು ಕಾಣಲಾರನಾದುದರಿಂದ ಪದವಿಯೇ ಮೊದಲಾದ ಸಂಕೇತಗಳಿಂದ ಊಹಿಸುತ್ತಾನೆಂಬುದು ಸ್ಪೆನ್ಸರ ವಾದ. ಇದು ಎದುರು ದಿಕ್ಕಿಗೂ ಅನ್ವಯಿಸುತ್ತದೆ. ಸಾರಾ ರೈನ್ಸ್ ಮತ್ತು ಅವರ ಸಹೋದ್ಯೋಗಿಗಳು 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲಸ ಹುಡುಕುತ್ತಿದ್ದ ವಿದ್ಯಾರ್ಥಿಗಳನ್ನು ವಿಸ್ತಾರವಾಗಿ ಮಾತನಾಡಿಸಿ ನೋಡಿದರು. ಸಂಸ್ಥೆಯ ವಿಳಂಬ, ಉದಾಸೀನಗಳನ್ನು ಅವರು ಆ ಸಂಸ್ಥೆಯ ಒಳಗಿನ ಸ್ವಭಾವಕ್ಕೆ ಸಂಕೇತವೆಂದು ಓದಿಕೊಂಡಿದ್ದರು. ಬೇರೆ ಅವಕಾಶವುಳ್ಳವರು ಮೊದಲು ಹೊರಟುಹೋಗುತ್ತಾರೆ. ಉಳಿದವರಲ್ಲಿ ಆರಿಸಿಕೊಳ್ಳುವುದು ನಿಯೋಜಕನ ಪಾಲಿಗೆ ಬರುತ್ತದೆ. ಆದರೂ ಈ ವಾದವನ್ನು ಬಹಳ ದೂರ ಎಳೆಯಬಾರದೆಂದು ನನ್ನ ಭಾವನೆ. ಒಂದು ಹುದ್ದೆಗೆ ಐನೂರು ಅರ್ಜಿ ಬರುವ ದೇಶದಲ್ಲಿ, ಹೊರಟುಹೋದವನ ಜಾಗದಲ್ಲಿ ನಿಲ್ಲಲು ಮತ್ತೊಬ್ಬನು ಸಿದ್ಧನಾಗಿಯೇ ಇರುತ್ತಾನೆ. ಲಾಭದ ಮಾತನ್ನು ಹೇಳಿ ನಿಯೋಜಕನನ್ನು ಒಲಿಸುವುದು ಇಲ್ಲಿ ಅಷ್ಟು ಸುಲಭವಲ್ಲ.

ಈಗ ಸರಕಾರಿ ನೇಮಕಗಳ ವಿಷಯಕ್ಕೆ ಬರಬಹುದು. ಇಲ್ಲಿ ಸಂವಿಧಾನದ 14 ಮತ್ತು 16ನೆಯ ವಿಧಿಗಳು ನಿಯೋಜಕನ ಕೈಯನ್ನು ಸ್ವಲ್ಪ ಕಟ್ಟಿವೆ. ಆದರೆ ಎಷ್ಟು? ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಒಂದು ನೇಮಕದಿಂದ ಹುಟ್ಟಿ 1992ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಗಿದ ಪ್ರಕರಣದಲ್ಲಿ, ಆಯ್ಕೆ ಸಮಿತಿಯ ಕೆಲಸ ಆಡಳಿತದ್ದೇ ಹೊರತು ನ್ಯಾಯನಿರ್ಣಯದ್ದಲ್ಲವೆಂದೂ, ನಿಯಮಗಳಲ್ಲಿ ವಿಧಿಸಿಲ್ಲದಿದ್ದರೆ ಸಮಿತಿಯು ಕಾರಣಗಳನ್ನು ಬರೆದಿಡಬೇಕಾಗಿಲ್ಲವೆಂದೂ ತೀರ್ಪಾಯಿತು. ಅದಕ್ಕೆ ಒಂದು ವರ್ಷ ಮೊದಲು, 1991ರ ಶಂಕರಸನ್ ದಾಸ್ ಪ್ರಕರಣದಲ್ಲಿ ಸಂವಿಧಾನ ಪೀಠವು, ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಹುದ್ದೆಯ ಮೇಲೆ ಅಬಾಧಿತವಾದ ಹಕ್ಕು ಹುಟ್ಟುವುದಿಲ್ಲವೆಂದು ಹೇಳಿತ್ತು. ಆದರೆ ಸರಕಾರವು ಮನಬಂದಂತೆ ನಡೆಯಲು ಇದು ಅನುಮತಿಯಲ್ಲವೆಂಬ ಮಾತನ್ನೂ ಸೇರಿಸಿತು. ಆ ಎರಡನೆಯ ಮಾತಿನ ಬಲ ತಿಳಿದುಬಂದುದು 2018ರ ದಿನೇಶ್ ಕುಮಾರ್ ಕಶ್ಯಪ್ ಪ್ರಕರಣದಲ್ಲಿ. ರೈಲ್ವೆಯವರು ಹೆಚ್ಚುವರಿ ಪಟ್ಟಿ ಸಿದ್ಧಪಡಿಸಿಕೊಂಡು, ಹುದ್ದೆಗಳು ಖಾಲಿಯಿದ್ದರೂ ಆ ಪಟ್ಟಿಯಲ್ಲಿದ್ದವರನ್ನು ಕರೆಯದೆ ಬಿಟ್ಟಾಗ, ಹಾಗೆ ಬಿಟ್ಟುದಕ್ಕೆ ಸಮರ್ಪಕವಾದ ಕಾರಣ ಕೊಡಬೇಕೆಂದು ಕೋರ್ಟು ಹೇಳಿತು. ಕಾಯಿಸಿ ಇಟ್ಟ ಎರಡನೆಯವನಿಗೂ ಒಂದು ಮಾತು ಸಲ್ಲಬೇಕೆಂಬುದನ್ನು ಈ ತೀರ್ಪು ಒಪ್ಪಿಕೊಂಡಂತಾಯಿತು.

ಒಂದು ವಿಷಯದಲ್ಲಿ ಲೋಕಸೇವಾ ಆಯೋಗಗಳ ಪದ್ಧತಿ ಖಾಸಗಿಯವರಿಗಿಂತ ಮೇಲೆಂದು ಒಪ್ಪಬೇಕು. ತಾತ್ಕಾಲಿಕ ಪಟ್ಟಿ, ಆಕ್ಷೇಪಣೆಗೆ ಅವಧಿ, ಅಂತಿಮ ಪಟ್ಟಿ ಎಂಬ ಮೆಟ್ಟಿಲುಗಳು ಅಲ್ಲಿ ಉಂಟು. ತಡವಾದರೂ ಫಲವು ಲಿಖಿತವಾಗಿ ಬರುತ್ತದೆ. ಮಾಹಿತಿ ಹಕ್ಕಿನ 2005ರ ಅಧಿನಿಯಮದ ಮೇಲೆ 2011ರಲ್ಲಿ ಆದಿತ್ಯ ಬಂಡೋಪಾಧ್ಯಾಯ ಪ್ರಕರಣದ ತೀರ್ಪು ಬಂದ ಬಳಿಕ, ಪರೀಕ್ಷೆ ಬರೆದವರು ತಮ್ಮ ಉತ್ತರ ಪತ್ರಿಕೆಯನ್ನೇ ನೋಡಬಹುದೆಂಬುದು ಸಾಮಾನ್ಯ ನಿಯಮವಾಯಿತು. ಲೋಕಸೇವಾ ಆಯೋಗದ ಪರೀಕ್ಷೆಗಳ ಮಟ್ಟಿಗೆ 2018ರಲ್ಲಿ ಅಂಗೇಶ್ ಕುಮಾರ್ ಪ್ರಕರಣವು ಇದಕ್ಕೆ ಕೆಲವು ಮಿತಿಗಳನ್ನು ಹಾಕಿತು. ಕೇಂದ್ರ ಲೋಕಸೇವಾ ಆಯೋಗವು 2018ರಲ್ಲಿ, ಕೊನೆಯ ಹಂತದವರೆಗೆ ಬಂದು ಆಯ್ಕೆಯಾಗದವರ ವಿವರಗಳನ್ನು, ಅವರು ಒಪ್ಪಿದರೆ, ಇತರ ನಿಯೋಜಕರಿಗೆ ಒದಗಿಸುವ ಏರ್ಪಾಟನ್ನು ಆರಂಭಿಸಿತು. 2025ರಲ್ಲಿ ಅದಕ್ಕೆ ಪ್ರತಿಭಾ ಸೇತು ಎಂದು ಹೆಸರಾಯಿತು. ಇಲ್ಲವೆಂಬ ಉತ್ತರವನ್ನೂ ಅಭ್ಯರ್ಥಿಗೆ ಉಪಯೋಗವಾಗುವಂತೆ ಹೇಳಬಹುದೆಂಬುದಕ್ಕೆ ಇದು ಸಾಕ್ಷಿ. ಮಾತು ಬಂದುದರಿಂದ ಹೇಳುತ್ತೇನೆ: ತಿಳಿಸಿದರೆ ಸಾಲದು, ತಿಳಿಯುವಂತೆ ತಿಳಿಸಬೇಕು. 2024ರ ಆಗಸ್ಟ್ 27ರಂದು ಕರ್ನಾಟಕ ಲೋಕಸೇವಾ ಆಯೋಗವು 384 ಹುದ್ದೆಗಳಿಗಾಗಿ ನಡೆಸಿದ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಅನುವಾದದ ತಪ್ಪುಗಳು ಎಷ್ಟಿದ್ದುವೆಂದರೆ, ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಸಬೇಕಾಯಿತು; ಅದರಲ್ಲಿಯೂ ತಪ್ಪುಗಳಿದ್ದುವೆಂಬ ದೂರು ಎದ್ದಿತು. ಕನ್ನಡದ ಅಭ್ಯರ್ಥಿಯೊಡನೆ ಕನ್ನಡ ನಾಡಿನ ನಿಯೋಜಕನು ಮಾತನಾಡುವ ರೀತಿ ಇದು.

ಹಳೆಯ ಕಾನೂನುಗಳನ್ನು ಹುಡುಕುವಾಗ ಕುತೂಹಲಕರವಾದ ಒಂದು ನಿಯಮ ಸಿಕ್ಕಿತು. ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕೇಂದ್ರಗಳಿಗೆ ಕಡ್ಡಾಯವಾಗಿ ತಿಳಿಸಬೇಕೆಂಬ 1959ರ ಅಧಿನಿಯಮದ ಅಡಿಯಲ್ಲಿ 1960ರಲ್ಲಿ ರಚಿಸಿದ ನಿಯಮಗಳು, ಆಯ್ಕೆಯ ಫಲವನ್ನು ಆಯ್ಕೆಯಾದ ದಿನದಿಂದ 15 ದಿನಗಳೊಳಗೆ ತಿಳಿಸತಕ್ಕದ್ದೆಂದು ವಿಧಿಸಿದ್ದುವು. ಯಾರಿಗೆ? ವಿನಿಮಯ ಕೇಂದ್ರಕ್ಕೆ. ಅಭ್ಯರ್ಥಿಯ ಹೆಸರು ಅಲ್ಲಿ ಬರುವುದಿಲ್ಲ. ಫಲವನ್ನು ಗೊತ್ತಾದ ಅವಧಿಯೊಳಗೆ ತಿಳಿಸುವುದು ಸಾಧ್ಯವೆಂದೂ ಯುಕ್ತವೆಂದೂ ಶಾಸನಕಾರರಿಗೆ ತೋರಿತ್ತು. ಅದನ್ನು ತಿಳಿಯುವ ಹಕ್ಕು ಕಾದು ಕುಳಿತವನಿಗಿದೆಯೆಂದು ಮಾತ್ರ ತೋರಲಿಲ್ಲ. ಆ ಅಧಿನಿಯಮದ ಸ್ಥಾನವನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆಯು ತೆಗೆದುಕೊಂಡಿದೆ; 2025ರ ನವೆಂಬರ್ 21ರಂದು ಸಂಹಿತೆ ಜಾರಿಗೆ ಬಂದಿತು.

ಖಾಸಗಿ ನೌಕರಿಗಳಲ್ಲಿ ನಮ್ಮ ಕಾಲೇಜುಗಳಿಗೆ ನೇರವಾಗಿ ಸಂಬಂಧಿಸಿದುದು ಆವರಣದಲ್ಲಿಯೇ ನಡೆಯುವ ನೇಮಕ. ಇಲ್ಲಿ ಮೊದಲು ಬರುವುದು ನೇಮಕದ ಆದೇಶವಲ್ಲ, ಆಶಯ ಪತ್ರ. ತೆಗೆದುಕೊಳ್ಳುವ ಉದ್ದೇಶವಿದೆ ಎಂದು ಅದು ಹೇಳುತ್ತದೆ. ಸೇರುವ ದಿನಾಂಕವನ್ನು ಹೇಳುವುದಿಲ್ಲ. 2022ರಲ್ಲಿ ಹೀಗೆ ಆಯ್ಕೆಯಾದ ಸುಮಾರು 2000 ಮಂದಿ ತಾಂತ್ರಿಕ ಪದವೀಧರರನ್ನು ದೊಡ್ಡ ಸಂಸ್ಥೆಯೊಂದು ಎರಡು ವರ್ಷ ಸೇರಿಸಿಕೊಳ್ಳದೆ ಕಾಯಿಸಿತೆಂಬ ದೂರು 2024ರಲ್ಲಿ ಕೇಂದ್ರ ಕಾರ್ಮಿಕ ಮಂತ್ರಾಲಯಕ್ಕೆ ಹೋಗಿ, ಮಂತ್ರಾಲಯವು ಕರ್ನಾಟಕದ ಕಾರ್ಮಿಕ ಇಲಾಖೆಗೆ ಬರೆಯಬೇಕಾಯಿತು. ಇದರಲ್ಲಿ ಕಾಲೇಜುಗಳ ಪಾಲೂ ಇದೆಯೆಂಬುದನ್ನು ಮರೆಯಬಾರದು. ಒಬ್ಬ ವಿದ್ಯಾರ್ಥಿಗೆ ಒಂದೇ ನೌಕರಿ ಎಂಬ ನಿಯಮ ಅನೇಕ ಕಾಲೇಜುಗಳಲ್ಲಿ ಉಂಟು. ಅವಕಾಶ ಎಲ್ಲರಿಗೂ ಹಂಚಿಹೋಗಲಿ ಎಂಬ ಸದುದ್ದೇಶದಿಂದ ಮಾಡಿದ ನಿಯಮ ಅದು. ಆದರೆ ಆಶಯ ಪತ್ರವನ್ನೇ ನೌಕರಿಯೆಂದು ಎಣಿಸಿ, ಅದು ಬಂದವನನ್ನು ಮುಂದಿನ ಸಂದರ್ಶನಗಳಿಂದ ಹೊರಗಿಟ್ಟರೆ, ನಿಯೋಜಕನ ಮೌನಕ್ಕೆ ನಾವೇ ಕಾವಲು ನಿಂತಂತಾಗುತ್ತದೆ. ಸಂಸ್ಥೆಗಳಿಗೆ ಮಾತು ಕೊಡುವುದಕ್ಕೆ ಮೊದಲು, ಸೇರುವ ದಿನಾಂಕವಿಲ್ಲದ ಪತ್ರವನ್ನು ನೌಕರಿಯೆಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವೆಂಬ ಒಂದು ವಾಕ್ಯವನ್ನು ನಿಯಮದಲ್ಲಿ ಸೇರಿಸುವುದು ಪ್ರತಿಯೊಂದು ಕಾಲೇಜಿಗೂ ಸಾಧ್ಯ.

ಕಾರಣವನ್ನು ಕೇಳುವ ಹಕ್ಕಿನ ಬಗ್ಗೆ ಯೂರೋಪಿನಲ್ಲಿ ನಡೆದ ಒಂದು ಮೊಕದ್ದಮೆಯನ್ನು ಇಲ್ಲಿ ಹೇಳಬಹುದು. ರಷ್ಯಾ ಮೂಲದ ಮೈಸ್ಟರ್ ಎಂಬ ಮಹಿಳೆ (ಮೇಲೆ ಹೇಳಿದ ಪ್ರಬಂಧಕಾರರಿಗೂ ಈಕೆಗೂ ಹೆಸರು ಒಂದೇ, ಸಂಬಂಧವಿಲ್ಲ) 2006ರಲ್ಲಿ ಜರ್ಮನಿಯ ಸಂಸ್ಥೆಯೊಂದಕ್ಕೆ ಒಂದೇ ಬಗೆಯ ಹುದ್ದೆಗಾಗಿ ಎರಡು ಸಲ ಅರ್ಜಿ ಹಾಕಿದರು. ಎರಡು ಸಲವೂ ಸಂದರ್ಶನಕ್ಕೆ ಕರೆಯದೆ, ಕಾರಣ ಹೇಳದೆ ನಿರಾಕರಿಸಿದರು. ವಯಸ್ಸು, ಲಿಂಗ, ಮೂಲಗಳಿಂದಾಗಿ ತಮ್ಮನ್ನು ತಳ್ಳಿಹಾಕಿರಬೇಕೆಂದು ಅವರ ವಾದ. ಆದರೆ ಯಾರನ್ನು ತೆಗೆದುಕೊಂಡರೆಂಬುದೇ ತಿಳಿಯದೆ ಅದನ್ನು ತೋರಿಸುವುದು ಹೇಗೆ? ಯೂರೋಪಿನ ನ್ಯಾಯಾಲಯವು 2012ರಲ್ಲಿ ಕೊಟ್ಟ ಉತ್ತರ ಸೂಕ್ಷ್ಮವಾದುದು: ಆ ಮಾಹಿತಿಯನ್ನು ಪಡೆಯುವ ಹಕ್ಕು ಅಭ್ಯರ್ಥಿಗಿಲ್ಲ, ಆದರೆ ನಿಯೋಜಕನು ಏನನ್ನೂ ಹೇಳಲೊಪ್ಪದಿರುವುದನ್ನು ತಾರತಮ್ಯದ ಊಹೆಗೆ ಎಡೆಮಾಡುವ ಸಂಗತಿಗಳಲ್ಲಿ ಒಂದಾಗಿ ನ್ಯಾಯಾಧೀಶರು ಪರಿಗಣಿಸಬಹುದು. ಬಾಯಿಬಿಟ್ಟರೆ ತಾರತಮ್ಯದ ಆರೋಪ ಬರುವುದೆಂದು ಹೆದರಿ ಸುಮ್ಮನಿರುವ ನಿಯೋಜಕರು ಉಂಟಷ್ಟೆ. ಸುಮ್ಮನಿರುವುದೂ ಒಂದು ಸಂಗತಿಯಾಗಿ ಲೆಕ್ಕಕ್ಕೆ ಬರುತ್ತದೆಂದು ಈ ತೀರ್ಪು ಅವರಿಗೆ ತಿಳಿಸಿತು.

ಕಾರಣವನ್ನು ಬದಿಗಿಟ್ಟು ಫಲವನ್ನು ಮಾತ್ರ ಕಡ್ಡಾಯಮಾಡುವ ಮಾರ್ಗವನ್ನು ಹಿಡಿದವರು ಕೆನಡದ ಒಂಟೇರಿಯೊ ಪ್ರಾಂತದವರು. ಅಲ್ಲಿಯ ಕಾನೂನು 2026ರ ಜನವರಿ 1ರಿಂದ ಜಾರಿಗೆ ಬರುವಂತೆ ವಿಧಿಸಿರುವುದು ಇಷ್ಟು: 25 ಅಥವಾ ಅದಕ್ಕಿಂತ ಹೆಚ್ಚು ನೌಕರರುಳ್ಳ ನಿಯೋಜಕನು ಬಹಿರಂಗವಾಗಿ ಪ್ರಕಟಿಸಿದ ಹುದ್ದೆಗೆ ಒಬ್ಬರನ್ನು ಸಂದರ್ಶಿಸಿದರೆ, ಕೊನೆಯ ಸಂದರ್ಶನವಾದ 45 ದಿನಗಳೊಳಗೆ, ಆ ಹುದ್ದೆಗೆ ನೇಮಕದ ತೀರ್ಮಾನವಾಗಿದೆಯೇ ಇಲ್ಲವೇ ಎಂಬುದನ್ನು ಅವರಿಗೆ ತಿಳಿಸಬೇಕು. ಪತ್ರದ ಮೂಲಕವಾದರೂ ಸರಿ, ಮುಖತಃ ಆದರೂ ಸರಿ, ಯಂತ್ರಸಾಧನಗಳಿಂದಾದರೂ ಸರಿ. ಪ್ರಕಟಿಸಿದ ಹುದ್ದೆ ನಿಜವಾಗಿ ಖಾಲಿಯಿದೆಯೇ ಎಂಬುದನ್ನೂ, ಅರ್ಜಿಗಳನ್ನು ಸೋಸಲು ಕೃತಕ ಬುದ್ಧಿಯ ಯಂತ್ರವನ್ನು ಬಳಸುವುದಾದರೆ ಅದನ್ನೂ ಪ್ರಕಟಣೆಯಲ್ಲಿಯೇ ಹೇಳಬೇಕು. ಕಾರಣ ಹೇಳಬೇಕೆಂಬ ವಿಧಿ ಇಲ್ಲ. ನಿಯೋಜಕರು ಯಾವ ಕಷ್ಟವನ್ನು ಮುಂದುಮಾಡುತ್ತಾರೋ ಅದನ್ನು ಮುಟ್ಟದೆ, ಕಷ್ಟವಿಲ್ಲದ ಭಾಗವನ್ನಷ್ಟೇ ಕಾನೂನು ಕೇಳಿದೆ. 45 ದಿನಗಳು ಹೆಚ್ಚಾಯಿತೆಂದು ಹೇಳುವವರಿರಬಹುದು; ನಮ್ಮ ಪ್ರೌಢಶಾಲೆಯ ಕೆಲಸ ಕಳೆದುಕೊಂಡ ಅಧ್ಯಾಪಕರಿಗೆ ಅಷ್ಟು ಅವಧಿಯಿಂದ ಪ್ರಯೋಜನವಾಗುತ್ತಿರಲಿಲ್ಲ. ಈ ವಿಧಿ ಸಲ್ಲುವುದು ಸಂದರ್ಶನಕ್ಕೆ ಕರೆಸಿಕೊಂಡವರಿಗೆ ಮಾತ್ರ. ಅರ್ಜಿ ಹಾಕಿ, ಕರೆಯೇ ಬಾರದೆ ಉಳಿದವರನ್ನು ಕುರಿತು ಅದರಲ್ಲಿ ಒಂದು ಮಾತೂ ಇಲ್ಲ.